ದಮ್ಮು ಯಾರ ಕಡೆಯಿಂದ ಬಂತು? ಅಸ್ತಮಾ, ವಂಶವಾಹಿ ಮತ್ತು ಮೆಕ್ಕೆಜೋಳದ ಧೂಳು

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ದಾವಣಗೆರೆ ಸುತ್ತಮುತ್ತಲ ಕ್ಲಿನಿಕ್ಕುಗಳಲ್ಲಿ ನೆಬ್ಯುಲೈಸರಿಗೆ ಪುರುಸೊತ್ತು ಇರುವುದಿಲ್ಲ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡ ತಾಯಿಗೆ ಡಾಕ್ಟರು ಕೇಳುವ ಮಾತುಗಳಲ್ಲಿ ಒಂದು ತಪ್ಪದೆ ಇರುತ್ತದೆ: “ಮನೇಲಿ ಬೇರೆ ಯಾರಿಗಾದ್ರೂ ದಮ್ಮು ಇದೆಯೇನಮ್ಮಾ?” ತಾಯಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತ ಅತ್ತೆ ಉತ್ತರ ಕೊಟ್ಟಿರುತ್ತಾರೆ: “ನಮ್ಮ ಕಡೆ ಯಾರಿಗೂ ಇಲ್ರಿ. ಇವ್ರ ಅಪ್ಪಗೈತಿ.” ಹೆಣ್ಣು-ಗಂಡು ನೋಡುವಾಗಲೂ ಇದು ಅಡ್ಡ ಬರುತ್ತದೆ. ಹುಡುಗಿಯ ತಾಯಿ ಪಂಪು ಎಳೆಯುತ್ತಾರಂತೆ ಎಂಬ ಸುದ್ದಿ ಸಿಕ್ಕರೆ ಸಾಕು, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ಡಾಕ್ಟರು ಕೇಳುವ ಪ್ರಶ್ನೆ ಸರಿಯಾದದ್ದೇ. ಅದರಿಂದ ನಾವು ತೆಗೆಯುವ ತೀರ್ಮಾನ ಮಾತ್ರ ಬಹಳ ಸಲ ದಾರಿ ತಪ್ಪುತ್ತದೆ. ಅಸ್ತಮಾದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದು ಕಾಯಿಲೆಯಲ್ಲ, ಕಾಯಿಲೆಯತ್ತ ವಾಲುವ ಗುಣ. ಆ ವಾಲು ಎಲ್ಲಿರುತ್ತದೆ, ಅದು ಯಾವಾಗ ಕಾಯಿಲೆಯಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ಬುಡದಿಂದ ನೋಡೋಣ.

ಉಸಿರಿನ ಕೊಳವೆಯೊಳಗೆ

ಗಂಟಲಿನಿಂದ ಕೆಳಗಿಳಿಯುವ ಶ್ವಾಸನಾಳ ಎದೆಯಲ್ಲಿ ಎರಡಾಗಿ ಒಡೆದು, ಎರಡು ನಾಲ್ಕಾಗಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆದು ಕೊನೆಗೆ ಗಾಳಿಚೀಲಗಳನ್ನು ಮುಟ್ಟುತ್ತದೆ. ಈ ಕೊಳವೆಗಳ ಗೋಡೆಯಲ್ಲಿ ನಮಗೆ ಬೇಕಾದದ್ದು ಮೂರು. ಗಾಳಿಗೆ ನೇರವಾಗಿ ತಾಗುವ ತೆಳ್ಳನೆಯ ಒಳಪೊರೆ, ಕಫ ಒಸರುವ ಕೋಶಗಳು, ಸುತ್ತ ಬಿಗಿದಿರುವ ಸ್ನಾಯುವಿನ ಪಟ್ಟಿ.

ಅಸ್ತಮಾ ಕೆರಳಿದಾಗ ಸ್ನಾಯು ಬಿಗಿಯುತ್ತದೆ, ಒಳಪೊರೆ ಊದಿಕೊಳ್ಳುತ್ತದೆ, ಕಫ ಗಟ್ಟಿಯಾಗಿ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಮೂರೂ ಸೇರಿ ದಾರಿ ಕಿರಿದಾಗುತ್ತದೆ. ಉಸಿರು ಒಳಗೆಳೆದಾಗ ಎದೆ ಹಿಗ್ಗುವುದರಿಂದ ಕೊಳವೆಯೂ ಕೊಂಚ ಹಿಗ್ಗುತ್ತದೆ. ಬಿಡುವಾಗ ಅದು ಮತ್ತಷ್ಟು ಕುಗ್ಗುತ್ತದೆ. ‘ಸುಂಯ್’ ಎಂಬ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಕೇಳಿಸುವುದು ಇದಕ್ಕೇ. ಎದೆಯಲ್ಲಿ ಗಾಳಿಯೇ ಇಲ್ಲವೆಂದು ರೋಗಿಗೆ ಅನಿಸುತ್ತದೆ, ನಿಜದಲ್ಲಿ ಹಳೆಯ ಗಾಳಿ ಒಳಗೇ ಸಿಕ್ಕಿಕೊಂಡಿರುತ್ತದೆ.

ಸ್ನಾಯುವಿನ ಬಿಗಿತ ಪಂಪಿನಿಂದ ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ಊತ ಹಾಗಲ್ಲ. ದಮ್ಮಿಲ್ಲದೆ ಮಗು ಆರಾಮವಾಗಿ ಆಡಿಕೊಂಡಿರುವ ದಿನಗಳಲ್ಲೂ ಒಳಪೊರೆಯಲ್ಲಿ ಸಣ್ಣಗೆ ಉರಿಯೂತ ಇದ್ದೇ ಇರಬಹುದು. ಅಸ್ತಮಾವನ್ನು ವೈದ್ಯರು ಬಂದು ಹೋಗುವ ಕಾಯಿಲೆ ಎನ್ನದೆ ದೀರ್ಘಕಾಲದ ಉರಿಯೂತ ಎನ್ನುವುದು ಈ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26.2 ಕೋಟಿ ಜನರಿಗೆ ಅಸ್ತಮಾ ಇತ್ತು, ಆ ವರ್ಷ ಅದರಿಂದ ಸತ್ತವರು 4.55 ಲಕ್ಷ.

ಅಜ್ಜನಿಗಿದ್ದದ್ದು ಅಸ್ತಮಾನೇನಾ?

ವಂಶದ ಮಾತಿಗೆ ಹೋಗುವ ಮುಂಚೆ ಇದೊಂದನ್ನು ಬಿಡಿಸಿಕೊಳ್ಳಲೇಬೇಕು. “ನಮ್ಮಜ್ಜಗೂ ದಮ್ಮಿತ್ತು” ಅನ್ನುತ್ತೇವೆ. ಏದುಸಿರು ಬರುವ ಕಾಯಿಲೆಗಳಿಗೆಲ್ಲ ನಮ್ಮಲ್ಲಿ ಒಂದೇ ಹೆಸರು. ಆದರೆ ಅಜ್ಜ ಯಾವ ಕೆಲಸ ಮಾಡುತ್ತಿದ್ದರು?

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಈ ಊರಿನ ಎಷ್ಟೋ ಮನೆಗಳ ಗಂಡಸರು ಹತ್ತಿ ಮಿಲ್ಲಿನಲ್ಲೋ ಜಿನ್ನಿಂಗ್ ಫ್ಯಾಕ್ಟರಿಯಲ್ಲೋ ಇದ್ದರು. ಹತ್ತಿಯ ಧೂಳಿನಿಂದ ಬರುವ ಒಂದು ಶ್ವಾಸಕೋಶದ ಕಾಯಿಲೆಗೆ ಬಿಸಿನೋಸಿಸ್ ಎಂದು ಹೆಸರು. ಅದಕ್ಕೊಂದು ವಿಚಿತ್ರ ಗುರುತಿದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಕಡಿಮೆಯಾಗುತ್ತದೆ, ಮತ್ತೆ ರಜೆ, ಮತ್ತೆ ಅದೇ. ವರ್ಷಗಳು ಉರುಳಿದ ಮೇಲೆ ಬಿಗಿತ ವಾರವಿಡೀ ಉಳಿಯುತ್ತದೆ. ಹತ್ತಿ ಗಿಡದ ಪುಡಿ ಮತ್ತು ಅದರ ಮೇಲಿನ ಬ್ಯಾಕ್ಟೀರಿಯಾಗಳ ಕೋಶದ ಗೋಡೆಯಿಂದ ಬರುವ ವಿಷಾಂಶ ಇದಕ್ಕೆ ಕಾರಣ. ಇದು ಕೆಲಸ ಕೊಟ್ಟ ಕಾಯಿಲೆ, ಮೊಮ್ಮಗನಿಗೆ ಆಸ್ತಿಯಾಗಿ ಬರುವಂಥದ್ದಲ್ಲ.

ಬೀಡಿ ಸೇದಿದವರಿಗೆ, ಸೌದೆ ಒಲೆಯ ಮುಂದೆ ನಲವತ್ತು ವರ್ಷ ಕೂತ ಅಜ್ಜಿಯರಿಗೆ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯೂ ಬೇರೆಯೇ. ಅದು ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಕಿರಿದಾದ ದಾರಿ ಪೂರ್ತಿ ತೆರೆಯುವುದಿಲ್ಲ. ಅಸ್ತಮಾ ಬಹುಪಾಲು ಚಿಕ್ಕಂದಿನಲ್ಲೇ ಶುರುವಾಗಿ, ಬಂದು ಹೋಗಿ ಮಾಡುತ್ತದೆ. ಔಷಧ ಕೊಟ್ಟರೆ ಕೊಳವೆ ಗಣನೀಯವಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ವೈದ್ಯರು ಮನೆತನದ ಬಗ್ಗೆ ಕೇಳಿದಾಗ “ದಮ್ಮಿತ್ತು” ಎಂದಷ್ಟೇ ಹೇಳಿದರೆ ಅರ್ಧ ಮಾಹಿತಿ ಕೊಟ್ಟಂತೆ. ಯಾವ ವಯಸ್ಸಿನಲ್ಲಿ ಶುರುವಾಯಿತು, ಬೀಡಿ ಇತ್ತಾ, ಮಿಲ್ಲಿನ ಕೆಲಸವಾ, ಜೊತೆಗೆ ಸೀನು, ಮೈ ತುರಿಕೆ ಇತ್ತಾ ಎಂಬುದನ್ನೂ ಸೇರಿಸಬೇಕು.

ಹುಳುವಿಗೆಂದು ಇಟ್ಟದ್ದು ಧೂಳಿನ ಮೇಲೆ ತಿರುಗಿದಾಗ

ಈಗ ರೋಗನಿರೋಧಕ ವ್ಯವಸ್ಥೆಗೆ ಬರೋಣ. ಹೊರಗಿನಿಂದ ಬಂದದ್ದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು ನಮ್ಮ ದೇಹ ತಯಾರಿಸುತ್ತದೆ. ಅವೇ ಪ್ರತಿಕಾಯಗಳು. ಅವುಗಳಲ್ಲಿ ತೀರಾ ಕಡಿಮೆ ಪ್ರಮಾಣದಲ್ಲಿರುವ ಒಂದು ಬಗೆ ಐಜಿಇ. ಡೆನ್ವರಿನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ 1966ರ ಹೊತ್ತಿಗೆ ಇದನ್ನು ಪತ್ತೆ ಮಾಡಿದರು. ಸ್ವೀಡನ್ನಿನ ಜೊಹಾನ್ಸನ್ ಮತ್ತು ಬೆನ್ನಿಕ್ ಬೇರೆಯೇ ದಾರಿಯಲ್ಲಿ ಅದೇ ಪ್ರೋಟೀನನ್ನು ತಲುಪಿದ್ದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಅಧಿಕೃತವಾಯಿತು.

ಐಜಿಇ ಇರುವುದಾದರೂ ಏಕೆ? ಕೊಕ್ಕೆಹುಳು, ಜಂತುಹುಳುಗಳಂಥ ದೊಡ್ಡ ಪರಾವಲಂಬಿಗಳನ್ನು ಎದುರಿಸಲು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಹುಳುವನ್ನು ಬ್ಯಾಕ್ಟೀರಿಯಾದಂತೆ ಒಂದು ಕೋಶ ನುಂಗಿ ಮುಗಿಸಲಾಗದು. ಕಫ ಸುರಿಸಬೇಕು, ಸ್ನಾಯು ಬಿಗಿಸಬೇಕು, ಆ ಜಾಗಕ್ಕೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕಳಿಸಬೇಕು. ಕರುಳಿನಲ್ಲಿ ಇದೆಲ್ಲ ಹುಳುವನ್ನು ಹೊರದೂಡಲು ನೆರವಾಗುತ್ತದೆ. ಇದೇ ಕಾರ್ಯಕ್ರಮ ಶ್ವಾಸಕೋಶದಲ್ಲಿ, ಯಾವ ಹುಳುವೂ ಇಲ್ಲದೆ, ಬರೀ ಧೂಳಿನ ಮೇಲೆ ನಡೆದರೆ ಅದೇ ಅಲರ್ಜಿಯ ಅಸ್ತಮಾ.

ಒಂದು ಸಂಜೆಯನ್ನು ಹತ್ತಿರದಿಂದ ನೋಡೋಣ. ನಾಲ್ಕು ಗಂಟೆ, ಹೊಲದ ಕಣದಲ್ಲಿ ಒಕ್ಕುವ ಮಷಿನ್ನು ಓಡುತ್ತಿದೆ, ಎಂಟು ವರ್ಷದ ಹುಡುಗ ಹೊಟ್ಟು ಹಾರುವ ಕಡೆಯೇ ನಿಂತು ನೋಡುತ್ತಿದ್ದಾನೆ. ಆ ಧೂಳಿನಲ್ಲಿ ಮೆಕ್ಕೆಜೋಳದ ಸಿಪ್ಪೆಯ ಪುಡಿಯಷ್ಟೇ ಇಲ್ಲ. ತೆನೆಗೆ ಹಿಡಿದ ಬೂಷ್ಟಿನ ಬೀಜಕಣಗಳಿವೆ, ಕಾಳಿನಲ್ಲಿ ಬದುಕುವ ಕಣ್ಣಿಗೆ ಕಾಣದ ನುಸಿಗಳ ಹಿಕ್ಕೆಯಿದೆ. ಈ ನುಸಿಗಳು ತೆಂಗಿಗೆ ತಗಲುವ ನುಸಿಯ ದೂರದ ಬಳಗ. ಹಾಸಿಗೆ-ದಿಂಬಿನಲ್ಲಿ ಇರುವ ಮನೆಧೂಳಿನ ನುಸಿಯೂ ಇವುಗಳ ಸಂಬಂಧಿಯೇ. ನುಸಿಯ ಹಿಕ್ಕೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿರುತ್ತವೆ. ಅವು ಒಳಪೊರೆಯ ಕೋಶ-ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತವೆ.

ಈ ಹುಡುಗ ಹಿಂದಿನ ಸುಗ್ಗಿಗಳಲ್ಲೂ ಇದೇ ಧೂಳು ಕುಡಿದವನು. ಆಗ ಅವನಿಗೆ ಏನೂ ಆಗಿರಲಿಲ್ಲ, ಆದರೆ ಒಳಗೆ ಒಂದು ತಯಾರಿ ನಡೆದಿತ್ತು. ನುಸಿಯ ಪ್ರೋಟೀನಿಗೆ ಹೊಂದುವ ಐಜಿಇ ತಯಾರಾಗಿ, ಮಾಸ್ಟ್ ಕೋಶಗಳೆಂಬ ಕೋಶಗಳ ಮೈಮೇಲೆ ಕೂತಿತ್ತು. ಈ ಸಂಜೆ ಆ ಪ್ರೋಟೀನು ಮತ್ತೆ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದುಕೊಂಡಿತೋ, ಕೆಲವೇ ನಿಮಿಷದಲ್ಲಿ ಮಾಸ್ಟ್ ಕೋಶ ಹಿಸ್ಟಮಿನ್, ಲ್ಯೂಕೊಟ್ರೈನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತದೆ. ಸೀನು, ಕೆಮ್ಮು, ಎದೆ ಬಿಗಿತ. ಅಮ್ಮ ಬೈದು ಮನೆಗೆ ಎಳೆದುಕೊಂಡು ಹೋಗುತ್ತಾಳೆ, ಒಂದು ಗಂಟೆಯಲ್ಲಿ ಕಡಿಮೆಯಾಗುತ್ತದೆ, ಊಟ ಮಾಡಿ ಮಲಗುತ್ತಾನೆ.

ಕಥೆ ಅಲ್ಲಿಗೆ ಮುಗಿದಿಲ್ಲ. ನಾಲ್ಕರಿಂದ ಎಂಟು ಗಂಟೆಗಳ ನಂತರ ಎರಡನೇ ಸುತ್ತು ಶುರುವಾಗುತ್ತದೆ. ಈ ಹೊತ್ತಿಗೆ ಇಯೊಸಿನೊಫಿಲ್‌ಗಳು ಬಂದು ಸೇರಿರುತ್ತವೆ, ಒಳಪೊರೆ ಊದತೊಡಗುತ್ತದೆ. ರಾತ್ರಿ ಹೊತ್ತು ದೇಹದ ಸ್ವಂತ ಸ್ಟೀರಾಯ್ಡ್ ಮಟ್ಟ ತಗ್ಗಿರುತ್ತದೆ, ಕೊಳವೆಗಳು ಸಹಜವಾಗಿಯೇ ಕೊಂಚ ಕಿರಿದಾಗಿರುತ್ತವೆ. ಸಂಜೆ ಆಡಿದ ಮಗು ಬೆಳಗಿನ ಜಾವ ಎದ್ದು ಕೂತು ಉಸಿರಿಗೆ ಒದ್ದಾಡುವುದು ಹೀಗೆ. ಮನೆಯವರು ರಾತ್ರಿ ತಿಂದ ಬಾಳೆಹಣ್ಣನ್ನೋ ಮೊಸರನ್ನೋ ದೂರುತ್ತಾರೆ. ಧೂಳು ಯಾರ ನೆನಪಿಗೂ ಬರುವುದಿಲ್ಲ, ಅದು ಎಷ್ಟೋ ಗಂಟೆ ಹಿಂದಿನ ಮಾತು.

ಈ ಇಡೀ ನಡೆಗೆ ಅಪ್ಪಣೆ ಕೊಡುವ ಸಂದೇಶವಾಹಕ ಪ್ರೋಟೀನುಗಳಿಗೆ ಇಂಟರ್‌ಲ್ಯೂಕಿನ್ ಎಂದು ಹೆಸರು, ಚಿಕ್ಕದಾಗಿ ಐಎಲ್. ಐಜಿಇ ತಯಾರಿಸಿ ಎನ್ನುವುದು ಐಎಲ್-4, ಇಯೊಸಿನೊಫಿಲ್ ಬೆಳೆಸಿ ಎನ್ನುವುದು ಐಎಲ್-5, ಕಫ ಹೆಚ್ಚಿಸಿ ಎನ್ನುವುದು ಐಎಲ್-13. ಇವುಗಳಿಗೂ ಮೊದಲು, ಏಟು ತಿಂದ ಒಳಪೊರೆಯೇ ಕೂಗಿ ಹೇಳುವ ಸಂದೇಶಗಳು ಐಎಲ್-33 ಮತ್ತು ಟಿಎಸ್‌ಎಲ್‌ಪಿ. ಈ ಕೊನೆಯ ಎರಡನ್ನು ನೆನಪಿನಲ್ಲಿಡಿ, ವಂಶವಾಹಿಯ ಕಥೆಯಲ್ಲೂ ಔಷಧಿಯ ಕಥೆಯಲ್ಲೂ ಮತ್ತೆ ಬರುತ್ತವೆ.

ಎಲ್ಲ ಅಸ್ತಮಾವೂ ಅಲರ್ಜಿಯದ್ದಲ್ಲ ಎಂದೂ ಹೇಳಿಬಿಡಬೇಕು. ದೊಡ್ಡವರಾದ ಮೇಲೆ ಶುರುವಾಗುವ ಅಸ್ತಮಾದಲ್ಲಿ, ಮೈತೂಕ ಹೆಚ್ಚಿರುವವರಲ್ಲಿ ಎಷ್ಟೋ ಸಲ ಐಜಿಇ ಪಾತ್ರ ಇರುವುದೇ ಇಲ್ಲ.

ಒಂದು ವಂಶವಾಹಿಯ ಕಾಯಿಲೆ ಅಲ್ಲ

ನಮ್ಮ ಪ್ರತಿ ಕೋಶದಲ್ಲೂ 23 ಜೋಡಿ ವರ್ಣತಂತುಗಳಿವೆ, ಒಂದು ಸಾಲು ಅಮ್ಮನದು, ಒಂದು ಅಪ್ಪನದು. ಅವುಗಳ ಮೇಲೆ ಪ್ರೋಟೀನು ತಯಾರಿಸುವ ಸೂಚನೆಗಳು ಸುಮಾರು 20,000, ಅವೇ ವಂಶವಾಹಿಗಳು. ಎಲ್ಲರಲ್ಲೂ ಇರುವುದು ಅವೇ ವಂಶವಾಹಿ, ಆದರೆ ಬರಹದಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರ ವ್ಯತ್ಯಾಸ. ಥಲಸ್ಸೀಮಿಯಾದಂಥ ಕಾಯಿಲೆಯಲ್ಲಿ ಒಂದೇ ವಂಶವಾಹಿಯ ದೋಷ ಸಾಕು. ಅಸ್ತಮಾದಲ್ಲಿ ನೂರಕ್ಕೂ ಹೆಚ್ಚು ಕಡೆಗಳ ಸಣ್ಣ ಸಣ್ಣ ವ್ಯತ್ಯಾಸಗಳು ಸೇರುತ್ತವೆ, ಒಂದೊಂದರ ಬಲವೂ ಅತ್ಯಲ್ಪ.

ಸೂಳೆಕೆರೆಯಂಥ ಕೆರೆಯನ್ನು ನೆನೆಸಿಕೊಳ್ಳಿ. ಸುತ್ತಲ ಗುಡ್ಡಗಳಿಂದ ಹತ್ತಾರು ಹಳ್ಳಗಳು ಬಂದು ಸೇರುತ್ತವೆ, ಇದೇ ಹಳ್ಳದಿಂದ ಕೆರೆ ತುಂಬಿತು ಎಂದು ಯಾವುದರತ್ತಲೂ ಬೆರಳು ಮಾಡಲಾಗದು. ಎಷ್ಟು ಹಳ್ಳ ಬಂದು ಸೇರುತ್ತವೆ, ಕೋಡಿ ಎಷ್ಟು ಎತ್ತರದಲ್ಲಿದೆ ಎಂಬುದು ಹುಟ್ಟಿನಿಂದ ಬಂದದ್ದು. ಕೋಡಿ ಬೀಳುವುದೋ ಇಲ್ಲವೋ ಎಂಬುದು ಆ ವರ್ಷದ ಮಳೆಗೆ ಬಿಟ್ಟದ್ದು. ಹಳ್ಳಗಳು ಹೆಚ್ಚಿರುವ ಕೆರೆ ಸಾಧಾರಣ ಮಳೆಗೇ ಕೋಡಿ ಬೀಳುತ್ತದೆ, ಕಡಿಮೆ ಇರುವ ಕೆರೆಗೆ ಜಡಿಮಳೆಯೇ ಬೇಕು.

ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ದಮ್ಮಿದ್ದು ಇನ್ನೊಬ್ಬನಿಗೆ ಇಲ್ಲದಿರುವುದು ಇದರಿಂದ ಅರ್ಥವಾಗುತ್ತದೆ. ಒಂದೇ ಅಪ್ಪ-ಅಮ್ಮನಿಂದ ಇಬ್ಬರಿಗೂ ಸಿಕ್ಕ ಪಾಲು ಬೇರೆ ಬೇರೆ. ತದ್ರೂಪಿ ಅವಳಿಗಳಲ್ಲಿ ವಂಶವಾಹಿ ಪೂರ್ತಿ ಒಂದೇ, ಆದರೂ ಒಬ್ಬರಿಗೆ ಅಸ್ತಮಾ ಇದ್ದಾಗ ಇನ್ನೊಬ್ಬರಿಗೆ ಇರಲೇಬೇಕೆಂದಿಲ್ಲ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಿಗಿಂತ ಇವರಲ್ಲಿ ಇಬ್ಬರಿಗೂ ಇರುವುದು ಹೆಚ್ಚು, ಅಷ್ಟೇ. ಹೀಗೆ ಹೋಲಿಸಿ ನೋಡಿದ ಹೆಚ್ಚಿನ ಅಧ್ಯಯನಗಳು ಜನರ ನಡುವಿನ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಂಶವಾಹಿಯದ್ದು ಎನ್ನುತ್ತವೆ. ಇದನ್ನು ‘ನನ್ನ ಮಗುವಿನ ಅಸ್ತಮಾದಲ್ಲಿ ಅರ್ಧ ನಮ್ಮ ವಂಶದ್ದು’ ಎಂದು ಓದಬಾರದು. ಅದು ಒಂದು ಜನಸಮೂಹದ ಲೆಕ್ಕ, ಒಬ್ಬ ವ್ಯಕ್ತಿಯದಲ್ಲ.

ಅತ್ತೆ-ಸೊಸೆ ಜಗಳಕ್ಕೂ ಒಂದು ಅಂಕಿ ಇದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಲೆಕ್ಕದಂತೆ, ತಾಯಿಗೆ ಅಸ್ತಮಾ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು ಮೂರು ಪಟ್ಟು, ತಂದೆಗೆ ಇದ್ದರೆ ಸುಮಾರು ಎರಡೂವರೆ ಪಟ್ಟು. ತಾಯಿಯ ಪಾಲು ಕೊಂಚ ಹೆಚ್ಚು, ಏಕೆಂದರೆ ಅವಳು ಕೊಡುವುದು ವಂಶವಾಹಿಯನ್ನಷ್ಟೇ ಅಲ್ಲ, ಒಂಬತ್ತು ತಿಂಗಳ ಗರ್ಭದ ವಾತಾವರಣವನ್ನೂ ಕೊಡುತ್ತಾಳೆ ಎಂಬುದು ಒಂದು ವಿವರಣೆ. ಬಸುರಿಯ ಪಕ್ಕದಲ್ಲಿ ಕೂತು ಗಂಡ ಸೇದುವ ಬೀಡಿಯ ಹೊಗೆ ಯಾರ ಲೆಕ್ಕಕ್ಕೆ ಸೇರಬೇಕು ಎಂಬುದನ್ನು ಜಗಳವಾಡುವವರೇ ತೀರ್ಮಾನಿಸಲಿ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದರೆ ಅಸ್ತಮಾ ಬರುತ್ತದಾ ಎಂದೂ ಕೇಳುತ್ತಾರೆ. ಸೋದರಿಕೆಯಲ್ಲಿ ಎದ್ದು ಕಾಣುವ ಅಪಾಯ ಥಲಸ್ಸೀಮಿಯಾದಂಥ ಒಂದೇ ವಂಶವಾಹಿಯ ಕಾಯಿಲೆಗಳದ್ದು. ಅಸ್ತಮಾ ಆ ಜಾತಿಯದ್ದಲ್ಲ. ಆದರೆ ತೀರಾ ಮುಚ್ಚಿದ ಸಮುದಾಯದಲ್ಲಿ ಏನಾಗಬಹುದು ಎನ್ನುವುದಕ್ಕೆ ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಯಾ ದ್ವೀಪ ಸಾಕ್ಷಿ. 1816ರಿಂದ ಜನ ನೆಲೆಸಿದ, ಇಂದಿಗೂ ಮುನ್ನೂರು ಜನರಿಲ್ಲದ ಈ ದ್ವೀಪದವರೆಲ್ಲ ಬೆರಳೆಣಿಕೆಯ ಮೂಲಪುರುಷರ ಸಂತತಿ. ಅಲ್ಲಿಗೆ ಮೊದಲು ಬಂದವರಲ್ಲಿ ಕೆಲವರಿಗೆ ಅಸ್ತಮಾ ಇತ್ತು. 1990ರ ದಶಕದಲ್ಲಿ ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಜನರಲ್ಲಿ ಅಸ್ತಮಾದ ಲಕ್ಷಣ ಭಾಗಶಃವಾದರೂ ಕಂಡಿತು.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಅಸ್ತಮಾ ಎಂದರೆ ಅಲರ್ಜಿ, ಅಲರ್ಜಿ ಎಂದರೆ ಐಜಿಇ. ಹಾಗಾದರೆ ಐಜಿಇ ಹೆಚ್ಚಿಸುವ ವಂಶವಾಹಿಗಳೇ ಅಸ್ತಮಾದ ವಂಶವಾಹಿಗಳು, ಅಲ್ಲವೇ? ವಿಜ್ಞಾನಿಗಳೂ ಬಹುಕಾಲ ಹಾಗೇ ಅಂದುಕೊಂಡಿದ್ದರು.

2002ರಲ್ಲಿ 20ನೇ ವರ್ಣತಂತುವಿನ ಮೇಲೆ ಎಡಿಎಎಂ33 ಎಂಬ ವಂಶವಾಹಿ ಸಿಕ್ಕಿತು. ಅದು ಐಜಿಇಗೆ ಸಂಬಂಧಪಟ್ಟದ್ದೇ ಅಲ್ಲ, ಕೊಳವೆಯ ಗೋಡೆಗೆ ಸೇರಿದ್ದು. 2007ರಲ್ಲಿ ಯೂರೋಪಿನ ತಂಡವೊಂದು ಚಿಕ್ಕಂದಿನಲ್ಲೇ ಅಸ್ತಮಾ ಬಂದ 994 ಜನರನ್ನೂ ಅಸ್ತಮಾ ಇಲ್ಲದ 1,243 ಜನರನ್ನೂ ತೆಗೆದುಕೊಂಡು, ಇಡೀ ವಂಶವಾಹಿ ಬರಹದ ಲಕ್ಷಾಂತರ ಜಾಗಗಳಲ್ಲಿ ಅಕ್ಷರ ಹೋಲಿಸಿತು. ಎದ್ದು ಕಂಡದ್ದು 17ನೇ ವರ್ಣತಂತುವಿನ ಒಂದು ತುಣುಕು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಹುಡುಕಿದವರಿಗೂ ಅದೇ ಜಾಗ ಸಿಕ್ಕಿತು. ಬಾಲ್ಯದ ಅಸ್ತಮಾಕ್ಕೆ ಸಂಬಂಧಿಸಿದಂತೆ ಇಷ್ಟು ಗಟ್ಟಿಯಾಗಿ ನಿಂತ ಜಾಗ ಇನ್ನೊಂದಿಲ್ಲ. ಅಲ್ಲಿರುವ ವಂಶವಾಹಿಗಳಲ್ಲಿ ಎರಡು ಓಆರ್‌ಎಂಡಿಎಲ್3 ಮತ್ತು ಜಿಎಸ್‌ಡಿಎಂಬಿ. ಮೊದಲನೆಯದು ಕೋಶಪೊರೆಯ ಕೊಬ್ಬಿನ ತಯಾರಿಕೆಯನ್ನು ಹದದಲ್ಲಿಡುವಂಥದ್ದು. ಎರಡನೆಯದು ಕೊಡುವ ಪ್ರೋಟೀನು ಒಳಪೊರೆಯ ಕೋಶಗಳಿಗೆ ತೂತು ಕೊರೆದು ಒಡೆಯಬಲ್ಲದು.

2010ರಲ್ಲಿ ಇನ್ನೂ ದೊಡ್ಡ ಅಧ್ಯಯನ: ಅಸ್ತಮಾ ಇದ್ದ 10,365 ಜನ, ಇಲ್ಲದ 16,110 ಜನ. ಇಲ್ಲಿ ಐಎಲ್-33ರ ವಂಶವಾಹಿ, ಅದರ ಸಂದೇಶ ಹಿಡಿಯುವ ಗ್ರಾಹಕದ ಜಾಗ, ಮತ್ತೆ ಹಲವು ಕಂಡವು. ಐಜಿಇ ಮಟ್ಟವನ್ನು ಏರಿಳಿಸುವ ಜಾಗಗಳನ್ನೂ ಬೇರೆಯಾಗಿ ಹುಡುಕಿದರು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚೇನೂ ಹೊಂದಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಸಂಗತಿ ಇದೇ. ಐಜಿಇ ಬೆಂಕಿಯನ್ನು ದೊಡ್ಡದು ಮಾಡುತ್ತದೆ ನಿಜ, ಆದರೆ ಅಸ್ತಮಾದ ಬೇರು ಹೆಚ್ಚಾಗಿ ಒಳಪೊರೆಯಲ್ಲಿದೆ: ಅದು ಎಷ್ಟು ಗಟ್ಟಿ, ಪೆಟ್ಟು ಬಿದ್ದಾಗ ಎಷ್ಟು ಜೋರಾಗಿ ಕೂಗುತ್ತದೆ ಎಂಬುದರಲ್ಲಿ.

ಮುಂದಿನ ಪುರಾವೆಗಳೂ ಅತ್ತಲೇ ಬೆರಳು ಮಾಡಿದವು. ಐಸ್‌ಲ್ಯಾಂಡಿನಲ್ಲಿ ಕೆಲವರ ಐಎಲ್-33 ವಂಶವಾಹಿಯ ಒಂದು ಪ್ರತಿ ಕೆಟ್ಟಿದೆ. ಕೆಟ್ಟದ್ದೇ ಒಳ್ಳೆಯದಾಯಿತು: ಅವರಿಗೆ ಅಸ್ತಮಾ ಕಡಿಮೆ, ರಕ್ತದಲ್ಲಿ ಇಯೊಸಿನೊಫಿಲ್ ಕಡಿಮೆ. ನೆಗಡಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ಮಕ್ಕಳಿಗೆ ದಮ್ಮು ಕೆರಳುವುದು ಬಹುಪಾಲು ನೆಗಡಿಯ ವೈರಸ್ಸಿನಿಂದ. ಸಿಡಿಎಚ್‌ಆರ್3 ಎಂಬ ವಂಶವಾಹಿಗೂ ಚಿಕ್ಕ ಮಕ್ಕಳ ತೀವ್ರ ಅಸ್ತಮಾಕ್ಕೂ ನಂಟಿದೆಯೆಂದು 2014ರಲ್ಲಿ ಡೆನ್ಮಾರ್ಕಿನ ತಂಡ ತೋರಿಸಿತು. ಏಕೆ ಎಂಬುದು ಮರುವರ್ಷ ತಿಳಿಯಿತು. ರೈನೊವೈರಸ್ ಸಿ ಎಂಬ ನೆಗಡಿ ವೈರಸ್ಸು ಕೋಶದೊಳಗೆ ಹೋಗಲು ಹಿಡಿದುಕೊಳ್ಳುವುದೇ ಆ ಪ್ರೋಟೀನನ್ನು, ಮತ್ತು ಒಂದು ಅಕ್ಷರ ಬದಲಾದವರಲ್ಲಿ ಆ ಪ್ರೋಟೀನು ಕೋಶದ ಮೇಲ್ಮೈಯಲ್ಲಿ ಹೆಚ್ಚು ಇರುತ್ತದೆ. ‘ನಮ್ಮ ಮಗೂಗೆ ನೆಗಡಿ ಬಂದ್ರೆ ಎದೆಗೇ ಇಳಿಯುತ್ತೆ’ ಎನ್ನುವ ತಾಯಂದಿರ ಮಾತಿಗೆ ವಂಶವಾಹಿಯಲ್ಲೂ ಆಧಾರವಿದೆ.

ಚರ್ಮದ ಕಥೆಯೂ ಇದೇ ಧಾಟಿಯದ್ದು. ಚರ್ಮದ ಮೇಲ್ಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಪ್ರೋಟೀನಿನ ವಂಶವಾಹಿ ಕೆಟ್ಟವರಿಗೆ ಎಸ್ಜಿಮಾ ಎಂಬ ಚರ್ಮದ ತುರಿಕೆಯ ಕಾಯಿಲೆ ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ತಿಳಿಯಿತು. ಎಸ್ಜಿಮಾ ಇರುವ ಅಂಥವರಲ್ಲಿ ಅಸ್ತಮಾವೂ ಹೆಚ್ಚು. ಹಸುಗೂಸಿಗೆ ಕೆನ್ನೆಯಲ್ಲಿ, ಕೈಕಾಲಿನ ಹೊರಬದಿಯಲ್ಲಿ ತುರಿಕೆ, ಆಮೇಲೆ ಸೀನು, ಆಮೇಲೆ ದಮ್ಮು ಎಂಬ ಸರಣಿ ಎಷ್ಟೋ ಮನೆಗಳಲ್ಲಿ ಕಾಣುವುದು ಸುಮ್ಮನೆ ಅಲ್ಲ.

ಇಪ್ಪತ್ತು ವರ್ಷದಲ್ಲಿ ವಂಶವಾಹಿ ಬದಲಾಗುವುದಿಲ್ಲ

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟರು. ಅಸ್ತಮಾ ಇದ್ದವರು 1979ರಲ್ಲಿ ನೂರಕ್ಕೆ 9, 1999ರಲ್ಲಿ ನೂರಕ್ಕೆ 29.5. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ ಎಂಬ ಎಚ್ಚರ ಬೇಕು. ಆದರೂ ಇಪ್ಪತ್ತು ವರ್ಷ ಎಂದರೆ ಒಂದು ತಲೆಮಾರೂ ಆಗಲಿಲ್ಲ. ಅಷ್ಟರಲ್ಲಿ ಜನರ ವಂಶವಾಹಿ ಬದಲಾಗಿರಲು ಸಾಧ್ಯವಿಲ್ಲ, ಬದಲಾದದ್ದು ಊರು.

ಊರಿನಲ್ಲಿ ಬದಲಾದದ್ದು ಹೊಗೆ ಮಾತ್ರ ಎಂದರೆ ಲೆಕ್ಕ ತಪ್ಪುತ್ತದೆ. ಜರ್ಮನಿ ಒಂದಾದ ಹೊಸತರಲ್ಲಿ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ನೋಡಿದರು. ಪೂರ್ವದ ಲೈಪ್‌ಜಿಗ್ ಕಲ್ಲಿದ್ದಲು ಹೊಗೆಯಲ್ಲಿ ಮುಳುಗಿದ್ದ ಊರು, ಪಶ್ಚಿಮದ ಮ್ಯೂನಿಕ್ ಶುಚಿಯಾದದ್ದು. ಅಸ್ತಮಾ, ಅಲರ್ಜಿ ಹೆಚ್ಚಿದ್ದದ್ದು ಮ್ಯೂನಿಕ್ಕಿನಲ್ಲಿ. ಜನಮೂಲ ಒಂದೇ, ಬದುಕು ಬೇರೆ.

ಬದುಕಿನಲ್ಲಿ ಯಾವ ಅಂಶ? ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಎರಡಕ್ಕೂ ಮೂಲ ಮಧ್ಯ ಯೂರೋಪು, ವಂಶವಾಹಿಯಲ್ಲಿ ಹತ್ತಿರದವರು, ದೊಡ್ಡ ಕುಟುಂಬ, ಹಸಿ ಹಾಲು. ವ್ಯತ್ಯಾಸವೆಂದರೆ ಆಮಿಶರ ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುತ್ತದೆ, ಕುದುರೆ ಕಟ್ಟಿ ಉಳುತ್ತಾರೆ, ಮಕ್ಕಳು ದನದ ನಡುವೆ ಬೆಳೆಯುತ್ತಾರೆ. ಹಟರೈಟರದು ಯಂತ್ರಗಳಿರುವ ದೊಡ್ಡ ಫಾರಮ್ಮು, ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಮಿಶ್ ಮಕ್ಕಳಲ್ಲಿ ಅಸ್ತಮಾ ನೂರಕ್ಕೆ ಸುಮಾರು 5, ಹಟರೈಟರಲ್ಲಿ ಸುಮಾರು 21. ಆಮಿಶರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ವಿಷಾಂಶ ಹಲವು ಪಟ್ಟು ಹೆಚ್ಚಿತ್ತು. ಆ ಧೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅವುಗಳಿಗೆ ಅಸ್ತಮಾ ಬರಿಸುವುದೇ ಕಷ್ಟವಾಯಿತು.

ಹತ್ತಿ ಮಿಲ್ಲಿನಲ್ಲಿ ಅಜ್ಜನ ಎದೆ ಕೆಡಿಸಿದ ವಸ್ತುವೂ ಇದೇ ಗುಂಪಿನದು. ವ್ಯತ್ಯಾಸ ವಯಸ್ಸಿನದು, ಪ್ರಮಾಣದ್ದು. ಹುಟ್ಟಿದಾಗಿನಿಂದ ಸಣ್ಣ ಪ್ರಮಾಣದಲ್ಲಿ ಸಿಕ್ಕರೆ ಮಗುವಿನ ರೋಗನಿರೋಧಕ ವ್ಯವಸ್ಥೆ ಸುಮ್ಮನಿರುವುದನ್ನು ಕಲಿಯುತ್ತದೆ. ದೊಡ್ಡವರಾದ ಮೇಲೆ ದಿನವಿಡೀ ಉಸಿರಿನ ತುಂಬ ಎಳೆದರೆ ಕೊಳವೆ ಕೆಡುತ್ತದೆ.

17ನೇ ವರ್ಣತಂತುವಿನ ಆ ತುಣುಕಿಗೆ ಮತ್ತೆ ಬರೋಣ. ಅದರ ಅಪಾಯ ಹೆಚ್ಚಿಸುವ ಪ್ರತಿ ಇರುವ ಮಕ್ಕಳ ಮನೆಯಲ್ಲಿ ಬೀಡಿ-ಸಿಗರೇಟಿನ ಹೊಗೆ ಇದ್ದರೆ ಅಸ್ತಮಾದ ಸಂಭವ ಇನ್ನೂ ಏರುತ್ತದೆ ಎಂದು 2008ರ ಅಧ್ಯಯನ ತೋರಿಸಿತು. ಅದೇ ಪ್ರತಿ ಇರುವ ಮಕ್ಕಳು ಯೂರೋಪಿನ ಹಳ್ಳಿಗಳಲ್ಲಿ ಕೊಟ್ಟಿಗೆಯ ಸಹವಾಸದಲ್ಲಿ ಬೆಳೆದಾಗ ಎದೆ ಸುಂಯ್‌ಗುಟ್ಟುವುದು ಕಡಿಮೆಯಾಯಿತು ಎಂದು 2016ರದ್ದು ತೋರಿಸಿತು. ಹೊಗೆಯಲ್ಲಿ ಯಾರಿಗೆ ಹೆಚ್ಚು ಕೇಡೋ ಕೊಟ್ಟಿಗೆಯಲ್ಲಿ ಅವರಿಗೇ ಹೆಚ್ಚು ಲಾಭ. ಒಳಪೊರೆ ಸೂಕ್ಷ್ಮವಾಗಿದ್ದರೆ ಅದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೇಗ ಸ್ಪಂದಿಸುತ್ತದೆ.

ಇದನ್ನು ಓದಿ ದಮ್ಮಿರುವ ಮಗುವನ್ನು ಕೊಟ್ಟಿಗೆಗೆ ಕಳಿಸಬೇಡಿ. ಆ ಲಾಭವೆಲ್ಲ ಬಸಿರಿನಲ್ಲಿ, ಹುಟ್ಟಿದ ಮೊದಲ ವರ್ಷಗಳಲ್ಲಿ ಆಗುವಂಥದ್ದು. ಅಸ್ತಮಾ ಒಮ್ಮೆ ಬೇರೂರಿದ ಮೇಲೆ ಧೂಳು ಧೂಳೇ.

ದಾವಣಗೆರೆಯ ಗಾಳಿ

ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಗಾಳಿಯಲ್ಲಿ ತೇಲುವ ಕಣಗಳು ಮಿತಿ ಮೀರಿದ್ದರಿಂದ ಈ ಪಟ್ಟಿ. ಮಂಡಕ್ಕಿ ಭಟ್ಟಿಗಳ ಹೊಗೆ, ಅಕ್ಕಿ ಗಿರಣಿಗಳ ತೌಡು, ರಸ್ತೆಯ ಧೂಳು ಇಲ್ಲಿ ಎಲ್ಲರಿಗೂ ಗೊತ್ತಿರುವಂಥವೇ. ಖಾಲಿ ಸೈಟುಗಳಲ್ಲಿ ಎದೆಯೆತ್ತರ ಬೆಳೆವ ಕಾಂಗ್ರೆಸ್ ಗಿಡದ ಪರಾಗ ಸೀನು, ಮೂಗು ಸೋರಿಕೆ ತರಿಸುತ್ತದೆ.

ಕಾಳಿನ ಧೂಳು ಒಂದು ಊರನ್ನೇ ಹೇಗೆ ಕೆಡವಬಲ್ಲದು ಎನ್ನುವುದಕ್ಕೆ ಸ್ಪೇನಿನ ಬಾರ್ಸಿಲೋನಾ ಉದಾಹರಣೆ. 1981ರಿಂದ 1987ರವರೆಗೆ ಅಲ್ಲಿ ಕೆಲವು ದಿನ ಇದ್ದಕ್ಕಿದ್ದಂತೆ ಆಸ್ಪತ್ರೆಗಳಿಗೆ ಅಸ್ತಮಾ ರೋಗಿಗಳು ನುಗ್ಗುತ್ತಿದ್ದರು. ಕೊನೆಗೆ ಗೊತ್ತಾಯಿತು: ಬಂದರಿನಲ್ಲಿ ಹಡಗಿನಿಂದ ಸೋಯಾ ಕಾಳು ಇಳಿಸಿದ ದಿನಗಳೇ ಅವು. ರೋಗಿಗಳ ರಕ್ತದಲ್ಲಿ ಸೋಯಾ ಸಿಪ್ಪೆಯ ಪ್ರೋಟೀನಿಗೆ ಹೊಂದುವ ಐಜಿಇ ಸಿಕ್ಕಿತು. ಕಾಳು ತುಂಬುವ ಗೋದಾಮಿಗೆ ಧೂಳು ತಡೆಯುವ ಫಿಲ್ಟರ್ ಹಾಕಿದ ಮೇಲೆ ಆ ಹಾವಳಿ ನಿಂತಿತು. ಯಾರ ವಂಶವಾಹಿಯನ್ನೂ ಮುಟ್ಟಬೇಕಾಗಲಿಲ್ಲ.

ಟೆಸ್ಟ್ ಮಾಡಿಸಬಹುದಾ? ಔಷಧಿಗೆ ಏನು ಉಪಯೋಗ?

ಮಗುವಿಗೆ ಅಸ್ತಮಾ ಬರುತ್ತದೋ ಇಲ್ಲವೋ ಎಂದು ಹೇಳುವ ವಂಶವಾಹಿ ಪರೀಕ್ಷೆ ಸದ್ಯಕ್ಕೆ ಉಪಯೋಗಕ್ಕಿಲ್ಲ. ಸಿಕ್ಕಿರುವ ಜಾಗಗಳೆಲ್ಲ ಸೇರಿದರೂ ವಂಶದ ಪಾಲಿನ ಸ್ವಲ್ಪ ಭಾಗವನ್ನಷ್ಟೇ ವಿವರಿಸುತ್ತವೆ. ಅಲ್ಲದೆ ಈ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ಯೂರೋಪ್ ಮೂಲದವರ ಮೇಲೆ. ರಕ್ತದ ಐಜಿಇ, ಇಯೊಸಿನೊಫಿಲ್ ಎಣಿಕೆ, ಊದಿಸಿ ನೋಡುವ ಸ್ಪೈರೋಮೆಟ್ರಿ ಇವು ಬೇರೆ. ಅವು ಈಗಿನ ಸ್ಥಿತಿ ಹೇಳುತ್ತವೆ, ವಂಶವನ್ನಲ್ಲ.

ವಂಶವಾಹಿಯ ಹುಡುಕಾಟ ತೋರಿಸಿದ್ದಕ್ಕೆ ಹೊಸ ಔಷಧಿಗಳೂ ಸಾಕ್ಷಿ ಹೇಳುತ್ತವೆ. ಐಜಿಇಯನ್ನೇ ಹಿಡಿಯುವ ಒಮಾಲಿಝುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ, ಐಎಲ್-5 ತಡೆಯುವ ಮೆಪೊಲಿಝುಮ್ಯಾಬಿಗೆ 2015ರಲ್ಲಿ. 2021ರಲ್ಲಿ ಬಂದ ಟೆಝೆಪೆಲುಮ್ಯಾಬ್ ತಡೆಯುವುದು ಟಿಎಸ್‌ಎಲ್‌ಪಿಯನ್ನು, ಅಂದರೆ ಒಳಪೊರೆಯ ಮೊದಲ ಕೂಗನ್ನೇ. ಇಯೊಸಿನೊಫಿಲ್ ಹೆಚ್ಚಿಲ್ಲದವರಲ್ಲೂ ಅದು ಕೆಲಸ ಮಾಡಿದ್ದು, ಬೇರು ಒಳಪೊರೆಯಲ್ಲಿದೆ ಎಂಬ ಮಾತಿಗೆ ಒತ್ತಾಸೆಯಾಯಿತು. ಇವೆಲ್ಲ ತೀವ್ರ ಅಸ್ತಮಾದವರಿಗೆ, ಬಹಳ ದುಬಾರಿ.

ಉಳಿದ ಬಹುತೇಕರಿಗೆ ಸಾಕಾಗುವುದು ಹಳೆಯ, ಅಗ್ಗದ ಔಷಧಿಯೇ. ಅದರಲ್ಲಿ ಎರಡು ಬಗೆ ಎಂಬುದು ಗೊತ್ತಿರಬೇಕು. ಸಾಲ್ಬುಟಮಾಲ್ ಪಂಪು ಸ್ನಾಯು ಸಡಿಲಿಸುತ್ತದೆ, ಊತಕ್ಕೆ ಏನೂ ಮಾಡುವುದಿಲ್ಲ. ಊತ ಇಳಿಸುವುದು ಸ್ಟೀರಾಯ್ಡ್ ಇರುವ ಇನ್ಹೇಲರ್. ಮಾತ್ರೆಯಲ್ಲಿ ನುಂಗುವ ಸ್ಟೀರಾಯ್ಡಿಗಿಂತ ಇದರ ಪ್ರಮಾಣ ತೀರಾ ಕಡಿಮೆ, ಹೋಗುವುದೂ ನೇರ ಕೊಳವೆಗೆ. ದೊಡ್ಡವರಿಗೂ ಹನ್ನೆರಡು ದಾಟಿದ ಮಕ್ಕಳಿಗೂ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಬಿಡುವುದು ಸರಿಯಲ್ಲ ಎಂದು ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಬೇಗ ಆರಾಮ ಕೊಡುವ ಪಂಪನ್ನು ಇಟ್ಟುಕೊಂಡು, ಊತ ಇಳಿಸುವುದನ್ನು ‘ಚಟ ಆಗುತ್ತೆ’ ಎಂದು ಬಿಟ್ಟುಬಿಡುತ್ತಾರೆ. ಸುಗ್ಗಿಯಲ್ಲಿ ಪ್ರತಿ ವರ್ಷ ಕೆರಳುವ ಮಗುವಾದರೆ ಒಕ್ಕಣೆಗೆ ಕೆಲವು ವಾರ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಡೋಸು ಮಾತಾಡಿಕೊಳ್ಳುವುದು ಒಳಿತು, ಏಕೆಂದರೆ ಈ ಇನ್ಹೇಲರ್ ಪೂರ್ತಿ ಹಿಡಿತಕ್ಕೆ ತರಲು ದಿನಗಳು, ವಾರಗಳು ಬೇಕು.

ಪಂಪು ಎಳೆದರೂ ಕಡಿಮೆಯಾಗದೆ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಸಿರು ಸಿಕ್ಕಿಕೊಂಡರೆ, ಉಸಿರೆಳೆದಾಗ ಪಕ್ಕೆಯ ಸಂದಿ ಒಳಗೆ ಸೆಳೆದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕು. ಅಲ್ಲಿಯವರೆಗೆ ಸುಂಯ್‌ಗುಡುತ್ತಿದ್ದ ಎದೆ ಇದ್ದಕ್ಕಿದ್ದಂತೆ ಸದ್ದಡಗಿ ಮಗು ಮಂಕಾದರೆ ವಾಸಿಯಾಯಿತೆಂದು ತಿಳಿಯಬೇಡಿ. ಸದ್ದು ಬರುವಷ್ಟೂ ಗಾಳಿ ಓಡಾಡುತ್ತಿಲ್ಲ ಎಂದು ಅದರ ಅರ್ಥ.